ಚಾದರದ ಮೇಲೆ ಜರ್ಮನಿ

ನಕ್ಷೆಯನ್ನು ಸಭಾಂಗಣದ ಗೋಡೆಗೆ ಅಂಟಿಸಿದ್ದು ಭಾನುವಾರ ಬೆಳಿಗ್ಗೆ. ಮಧ್ಯಾಹ್ನದ ಊಟದ ಬಿಡುವು ಮುಗಿಯುವಷ್ಟರಲ್ಲಿ ಪ್ರಿನ್ಸಿಪಾಲ್ ಕೋಣೆಗೆ ಬರಬೇಕೆಂದು ಕರೆ ಬಂತು. ನಡುವಿನ ಆ ಹೊತ್ತಿನಲ್ಲಿ ಅದು ನನಗೆ ಬಹಳ ಚೆನ್ನಾಗಿಯೇ ಕಂಡಿತ್ತು. ಬುತ್ತಿಯ ಉಪ್ಪಿಟ್ಟನ್ನು ಅದರ ಎದುರೇ ಕುರ್ಚಿ ಹಾಕಿಕೊಂಡು ತಿಂದಿದ್ದೆ.

ನಕ್ಷೆ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಮಸ್ಕತ್ತಿನ ಒಂದು ಭಾರತೀಯ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್; ಇಲ್ಲಿ ಶಾಲೆಯ ವಾರ ಶುರುವಾಗುವುದೇ ಭಾನುವಾರ. ಹನ್ನೊಂದನೆಯ ತರಗತಿಗೆ ನಮ್ಮಲ್ಲಿ ಸಯನ್ಸ್ ಇದೆ, ಕಾಮರ್ಸ್ ಇದೆ, ಆರ್ಟ್ಸ್ ಹೆಸರಿಗೆ ಇದೆ. ಈ ಸಲ ಆರ್ಟ್ಸಿಗೆ ಬರುತ್ತೇವೆ ಎಂದ ಮಕ್ಕಳು ಏಳು. ಹತ್ತಾದರೂ ಆಗದಿದ್ದರೆ ವಿಭಾಗ ಮುಚ್ಚುತ್ತಾರೆ, ಮುಚ್ಚಿದ ಮೇಲೆ ಇತಿಹಾಸಕ್ಕೆಂದೇ ಒಬ್ಬ ಟೀಚರ್ ಬೇಕಾಗುವುದಿಲ್ಲ ಎಂದು ಪ್ರಿನ್ಸಿಪಾಲ್ ಮೇಡಂ ಮೆತ್ತಗೆ ತಿಳಿಸಿದ್ದರು. ಕೇರಳದವರು, ಕೆಟ್ಟ ಸುದ್ದಿಯನ್ನು ಚಹಾ ತರಿಸಿದ ಮೇಲೆಯೇ ಹೇಳುವವರು. ವಾರ್ಷಿಕ ಪ್ರದರ್ಶನಕ್ಕೆ ಹೆತ್ತವರೆಲ್ಲ ಬರುತ್ತಾರೆ, ನಿಮ್ಮ ವಿಷಯದಲ್ಲಿ ಏನಿದೆ ಎಂದು ಅವರಿಗೆ ತೋರಿಸಿ ಎಂದರು. ಸಯನ್ಸಿನವರು ರೋಬೋಟ್ ಓಡಿಸುತ್ತಾರೆ. ಕಾಮರ್ಸಿನವರು ಅಂಗಡಿ ಇಟ್ಟು ಸಮೋಸ ಮಾರಿ ಲಾಭ ನಷ್ಟ ವಿವರಿಸುತ್ತಾರೆ. ನಾವು ಏನು ತೋರಿಸುವುದು?

ಹತ್ತನೆಯವರ ಪುಸ್ತಕದಲ್ಲಿ ಅಚ್ಚಿನ ಯಂತ್ರದ ಪಾಠವಿದೆ. ಅದರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗಿನ ಒಬ್ಬ ಸಂನ್ಯಾಸಿ ಬರುತ್ತಾನೆ. ಪಾಪಕ್ಕೆ ಕ್ಷಮಾಪತ್ರ ಮಾರುವುದನ್ನು ಪ್ರಶ್ನಿಸಿ ಅವನು ಬರೆದದ್ದು ಅಚ್ಚಾಗಿ ಊರೂರಿಗೆ ಹರಡಿತು, ಚರ್ಚು ಒಡೆಯಿತು ಎನ್ನುವಲ್ಲಿಗೆ ಪಾಠ ಮುಗಿಯುತ್ತದೆ. ಮುಗಿದದ್ದು ಪುಸ್ತಕಕ್ಕೆ ಮಾತ್ರ. ಹಿಂದಿನ ಬೆಂಚಿನಿಂದ ಒಬ್ಬಳು, "ಮತ್ತೆ ಎಂತ ಆಯ್ತು ಮಿಸ್?" ಎಂದು ಕೇಳಿದಳು. ಕಾರ್ಕಳ ಕಡೆಯ ತುಳುವರ ಮಗಳು. ಉಳಿದ ಮಕ್ಕಳು ಇಂಗ್ಲಿಷಿನಲ್ಲಿ ಕೇಳುವುದನ್ನು ಅವಳು ನನ್ನ ಬಳಿ ಮಾತ್ರ ಕನ್ನಡದಲ್ಲಿ ಕೇಳುತ್ತಾಳೆ.

ಮತ್ತೆ ಎಂತ ಆಯ್ತು ಎಂದು ಹೇಳಲು ಒಂದು ಪೀರಿಯಡ್ ಸಾಲಲಿಲ್ಲ. ಆಗ ಜರ್ಮನಿ ಎಂಬ ಒಂದು ದೇಶ ಇರಲಿಲ್ಲ. ಮೇಲೆ ಒಬ್ಬ ಚಕ್ರವರ್ತಿ, ಅವನ ಕೆಳಗೆ ನೂರಾರು ಅರಸರು, ಅರಸರಂತೆಯೇ ಆಳುವ ಬಿಷಪ್ಪರು, ಯಾವ ಅರಸನಿಗೂ ತಲೆಬಾಗದ ಸ್ವತಂತ್ರ ನಗರಗಳು. ಕೆಲವು ಅರಸರು ಸಂನ್ಯಾಸಿಯ ಪಕ್ಷಕ್ಕೆ ಬಂದರು. ನಂಬಿಕೆಯಿಂದ ಬಂದವರೂ ಇದ್ದರು, ಮಠದ ಭೂಮಿಯ ಮೇಲೆ ಕಣ್ಣಿಟ್ಟು ಬಂದವರೂ ಇದ್ದರು. ಅದೇ ಮಾತನ್ನು ಹಿಡಿದುಕೊಂಡು ರೈತರು ನಮಗೂ ಬಿಡುಗಡೆ ಬೇಕೆಂದು ಎದ್ದಾಗ, 1525ರಲ್ಲಿ, ಅರಸರು ಅವರನ್ನು ಕಡಿದು ಹಾಕಿದರು. ಸಂನ್ಯಾಸಿ ಅರಸರ ಕಡೆಗೇ ನಿಂತ. ಕೊನೆಗೆ 1555ರಲ್ಲಿ ಔಗ್ಸ್‌ಬರ್ಗಿನಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡರು: ಅರಸನದು ಯಾವ ಪಂಥವೋ ನಾಡಿನದೂ ಅದೇ. ಒಪ್ಪದ ಪ್ರಜೆ ಆಸ್ತಿ ಮಾರಿ ಬೇರೆ ಕಡೆ ಹೋಗಬಹುದು.

ಈ ಕೊನೆಯ ವಾಕ್ಯ ಹೇಳಿದಾಗ ತರಗತಿ ಸುಮ್ಮನಾಯಿತು. ನಮ್ಮ ಮಕ್ಕಳಿಗೆ ಆ ಕಾಲದ ಅರಸರು ಗೊತ್ತಿಲ್ಲ, ಹೊರಡುವುದು ಗೊತ್ತು. ಪ್ರತಿ ವರ್ಷ ಅಪ್ಪನ ಕೆಲಸ ಮುಗಿದು ಯಾರಾದರೊಬ್ಬರ ಬೆಂಚು ಖಾಲಿಯಾಗುತ್ತದೆ. ಆ ಮೌನ ನೋಡಿ ನಾನು ಪ್ರದರ್ಶನದ ವಿಷಯ ಇದೇ ಎಂದು ನಿಶ್ಚಯಿಸಿದೆ.

ನಕ್ಷೆ ಮಾಡುವಾಗ ಮಕ್ಕಳಿಗೆ ಸುಲಭವಾಗಲಿ ಎಂದುಕೊಂಡೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಗಡಿ ಬೀಳಿಸಿ, ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ತಿದ್ದಿಕೊಂಡು, ಮೂರೇ ಪಾಲು ಮಾಡಿದೆವು. ಉತ್ತರದಲ್ಲಿ ಹೊಸ ಪಂಥದವರು, ದಕ್ಷಿಣದಲ್ಲಿ ಹಳೆಯ ಚರ್ಚಿನವರು ಅಂದರೆ ಕೆಥೋಲಿಕರು, ನಡುವೆ ಎರಡೂ ಬೆರೆತವರು. ಬಣ್ಣದ ಚಾರ್ಟ್ ಬೇಕಲ್ಲ, ಸಮಾಜ ವಿಜ್ಞಾನದ ಬೀರು ತೆರೆದರೆ ಆಗಸ್ಟ್ ಹದಿನೈದಕ್ಕೆ ತರಿಸಿ ಉಳಿದದ್ದು ಕಟ್ಟುಗಟ್ಟಲೆ ಇತ್ತು. ಇರುವುದನ್ನು ಬಿಟ್ಟು ಹೊಸದು ಕೇಳುವುದು ನಮ್ಮ ಜಾಯಮಾನವಲ್ಲ. ಉತ್ತರಕ್ಕೆ ಹಸಿರು ಅಂಟಿಸಿದೆವು, ದಕ್ಷಿಣಕ್ಕೆ ಕೇಸರಿ, ಬೆರೆತದ್ದಕ್ಕೆ ಬಿಳಿ. ಸ್ವತಂತ್ರ ನಗರಗಳಿಗೆ ಗುರುತು ಹುಡುಕುತ್ತಿದ್ದಾಗ ಅದೇ ಬೀರುವಿನ ತಳದಲ್ಲಿ ಕತ್ತರಿಸಿಟ್ಟ ನೀಲಿ ಚಕ್ರಗಳು ಸಿಕ್ಕವು. ಅಳತೆ ಸರಿಯಾಗಿತ್ತು.

ಪ್ರಿನ್ಸಿಪಾಲ್ ಕೋಣೆಯಲ್ಲಿ ಇಬ್ಬರು ತಂದೆಯರು ಕೂತಿದ್ದರು. ಒಬ್ಬರು ಆ ಕಾರ್ಕಳದ ಹುಡುಗಿಯ ತಂದೆ, ಲಾರಿಗಳ ಟ್ರಾನ್ಸ್‌ಪೋರ್ಟ್ ಕಂಪನಿಯ ಆಫೀಸಿನಲ್ಲಿರುವವರು. ಇನ್ನೊಬ್ಬರು ಅವಳ ಗೆಳತಿಯ ತಂದೆ, ಉಳ್ಳಾಲ ಕಡೆಯ ಬ್ಯಾರಿ ಮುಸಲ್ಮಾನರು, ಅದೇ ಕಂಪನಿಯ ಗೋದಾಮು ನೋಡಿಕೊಳ್ಳುವವರು. ವಾದಿ ಕಬೀರ್ ಬಡಾವಣೆಯಲ್ಲಿ ಅವರ ಮನೆಗಳು ಒಂದೇ ಬೀದಿಯವು. ದಿನವೂ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುವವರು ಆಕ್ಷೇಪಣೆಗೂ ಒಂದೇ ಕಾರಿನಲ್ಲಿ ಬಂದಿದ್ದರು.

"ಟೀಚರೇ, ಕೂತ್ಕೊಳ್ಳಿ," ಎಂದರು ಟ್ರಾನ್ಸ್‌ಪೋರ್ಟಿನವರು. "ಮಕ್ಕಳ ಗ್ರೂಪಲ್ಲಿ ಒಂದು ಫೋಟೋ ಬಂತು. ನೀವೇ ನೋಡಿ. ಹತ್ತಿರದಿಂದ ಅಲ್ಲ."

ಫೋನನ್ನು ತೋಳುದ್ದ ದೂರ ಹಿಡಿದು ತೋರಿಸಿದರು. ಸಭಾಂಗಣದ ಬಾಗಿಲಿನಿಂದ ತೆಗೆದ ಫೋಟೋ. ಜರ್ಮನಿಯ ಗಡಿ, ನದಿ, ಊರು ಯಾವುದೂ ಇರಲಿಲ್ಲ. ಮೇಲೆ ಹಸಿರು, ನಡುವೆ ಬಿಳಿ, ಕೆಳಗೆ ಕೇಸರಿ, ಬಿಳಿಯ ಮೇಲೆ ನೀಲಿ ಚಕ್ರಗಳು.

"ಎಂತ ಕಾಣ್ತದೆ?"

ನಾನು ಕಣ್ಣು ಕಿರಿದು ಮಾಡಿ ನೋಡಿದೆ.

"ನಮ್ಮ ಬಾವುಟ, ಉಲ್ಟಾ," ಎಂದರು ಅವರೇ. "ಪರದೇಶದಲ್ಲಿ, ನಮ್ಮದೇ ಶಾಲೆಯಲ್ಲಿ. ಚಕ್ರವಾದ್ರೂ ಒಂದು ಅಂತ ಇಲ್ಲ. ಸ್ಟೆಪ್ನಿ ಸಮೇತ ಇಟ್ಟಿದ್ದೀರಿ."

ಬ್ಯಾರಿಗಳು ತಲೆ ತಗ್ಗಿಸಿ ನಗುವನ್ನು ನುಂಗಿದರು. "ನಾನು ಕಾರಲ್ಲೇ ಹೇಳಿದೆ ಇವ್ರಿಗೆ, ಅದು ಎಂತದೋ ದೇಶದ ನಕ್ಷೆಯಂತೆ ಮಾರ್ರೆ, ಮಗಳು ಹೇಳಿದ್ದಾಳೆ ಅಂತ. ಕೇಳ್ಬೇಕಲ್ಲ."

ಪ್ರಿನ್ಸಿಪಾಲ್ ಮೇಡಂ ಚಹಾ ತರಿಸಿದರು. ಅದನ್ನು ನೋಡಿಯೇ ನಾನು ಅವಸರದಲ್ಲಿ, "ಬಣ್ಣ ಅದಲು ಬದಲು ಮಾಡ್ತೇನೆ ಸರ್. ಕೇಸರಿ ಮೇಲೆ, ಹಸಿರು ಕೆಳಗೆ. ಚಕ್ರ ತೆಗೀತೇನೆ," ಎಂದೆ.

ಟ್ರಾನ್ಸ್‌ಪೋರ್ಟಿನವರು ಒಪ್ಪುವ ಹಾಗಿದ್ದರು. ಬ್ಯಾರಿಗಳು ಲೋಟ ಕೆಳಗಿಟ್ಟು ನಿಧಾನಕ್ಕೆ ಕೇಳಿದರು. "ಒಂದು ಮಾತು ಟೀಚರೇ. ಈ ನಕ್ಷೆಯಲ್ಲಿ ಕೇಸರಿಯವ್ರೂ ಹಸಿರಿನವ್ರೂ ಎಂತ ಮಾಡ್ತಾರೆ?"

"ಜಗಳ," ಎಂದೆ.

"ಯಾವುದಕ್ಕೆ?"

"ಧರ್ಮಕ್ಕೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅದು ಇನ್ನೂ ಚಂದ ಆಯ್ತು," ಎಂದರು ಟ್ರಾನ್ಸ್‌ಪೋರ್ಟಿನವರು. "ನಾಳೆ ನಾವಿಬ್ರು ಕಾರಲ್ಲಿ ಮಾತಾಡ್ಲಿಕ್ಕಿಲ್ಲ."

ಅವರು ಹೋದ ಮೇಲೆ ಮೇಡಂ ಸ್ಪಷ್ಟವಾಗಿಯೇ ಹೇಳಿದರು. ನಕ್ಷೆ ಇವತ್ತೇ ಇಳಿಯಬೇಕು. ಪ್ರದರ್ಶನ ಮುಂದಿನ ಭಾನುವಾರ ಸಂಜೆ. ಯಾರ ಮನಸ್ಸಿಗೂ ನೋವಾಗದ ಬೇರೆ ನಕ್ಷೆ ಅಷ್ಟರೊಳಗೆ ಆದರೆ ಗೋಡೆ ನಮಗೆ, ಇಲ್ಲವಾದರೆ ಕಾಮರ್ಸಿನವರು ಆ ಜಾಗ ಕೇಳಿದ್ದಾರೆ. ಹತ್ತು ಹೆಸರಿನ ಮಾತನ್ನು ಅವರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಚಾರ್ಟ್ ಕೀಳುವಾಗ ಡ್ರಾಯಿಂಗ್ ಟೀಚರ್ ಏಣಿ ಹಿಡಿದರು. ಮಂಗಳೂರಿನ ಕೊಂಕಣಿ ಕೆಥೋಲಿಕರು, ನನಗಿಂತ ಹಿರಿಯರು, ಹಿಂದಿನ ವಾರ ಜ್ವರದಲ್ಲಿ ರಜೆಯಲ್ಲಿದ್ದವರು. ಅವರು ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

"ನಮ್ಮವರಿಗೆ ಕೇಸರಿ ಉಡಿಸಿದ್ರಲ್ಲ ನೀವು," ಎಂದರು ಕೆಳಗಿನಿಂದ. "ಪಾದ್ರಿಯವರಿಗೆ ಫೋಟೋ ಕಳಿಸ್ಲಾ?"

"ಕಳಿಸಿ. ಅವರೊಬ್ಬರು ಬಾಕಿ ಇದ್ದಾರೆ."

ಇಬ್ಬರೂ ನಕ್ಕೆವು. ನಾನು ನಗುತ್ತಲೇ ಏಣಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತೆ. ಇಳಿದರೆ ಅಳು ಬರುತ್ತದೋ ಎಂಬ ಭಯ.

ಮರುದಿನ ನೇರಳೆ ಮತ್ತು ಹಳದಿಯಲ್ಲಿ ಪ್ರಯತ್ನಿಸಿದೆವು. ಸಣ್ಣ ಹಾಳೆಯಲ್ಲಿ ಮಾದರಿ ಮಾಡಿ ತರಗತಿಯ ಹಲಗೆಗೆ ಸಿಕ್ಕಿಸಿದ್ದೇ ತಡ, ಹುಡುಗರು, "ಯೆಲ್ಲೋ ಹೌಸ್ ಲೀಡಿಂಗ್" ಎಂದು ಮೇಜು ಬಡಿದರು. ಶಾಲೆಯ ಆಟೋಟದ ತಂಡಗಳು ಬಣ್ಣದ ಹೆಸರಿನವು ಎಂಬುದು ಮರೆತೇ ಹೋಗಿತ್ತು. ಕೆಂಪು, ನೀಲಿ, ಹಸಿರು, ಹಳದಿ ನಾಲ್ಕೂ ಅವರವು. ಕೆಂಪು ಬಿಳಿ ಹಸಿರು ಒಟ್ಟಿಗೆ ಹಾಕಿದರೆ ಈ ದೇಶದ ಬಾವುಟ. ಯಾವ ಬಣ್ಣ ಮುಟ್ಟಿದರೂ ಅದು ಯಾರದೋ ಆಗಿತ್ತು. ಕಪ್ಪು ಬಿಳುಪಿನ ಗೆರೆಗಳಲ್ಲಿ ಮಾಡೋಣವೆಂದರೆ ಡ್ರಾಯಿಂಗ್ ಟೀಚರ್, "ಎಕ್ಸ್‌ರೇ ಹಾಗೆ ಕಾಣ್ತದೆ, ಯಾರೂ ಹತ್ತಿರ ಬರ್ಲಿಕ್ಕಿಲ್ಲ," ಎಂದರು.

ಬಣ್ಣದ ಗಲಾಟೆಯಲ್ಲಿ ಇನ್ನೊಂದು ವಿಷಯ ಮೇಲೆ ಬಂತು. ಬಣ್ಣ ಸರಿಯಿದ್ದರೂ ಆ ನಕ್ಷೆ ಸರಿಯಿರಲಿಲ್ಲ. ಸುಲಭವಾಗಲಿ ಎಂದು ಮೂರು ಪಟ್ಟಿ ಮಾಡಿದ್ದೆನಲ್ಲ, ದಕ್ಷಿಣದಲ್ಲಿ ಹಳೆಯ ಚರ್ಚಿನವರ ನಡುವೆಯೇ ವುರ್ಟೆಂಬರ್ಗ್ ಲೂಥರನ್, ಅಂದರೆ ಆ ಸಂನ್ಯಾಸಿಯ ಪಂಥದ, ನಾಡಾಗಿತ್ತು. ಅದರ ಮೇಲೆ ಕೇಸರಿ ಅಂಟಿಸಿ ಮುಚ್ಚಿದ್ದೆ. ಔಗ್ಸ್‌ಬರ್ಗಿನಲ್ಲಿ ಎರಡೂ ಪಂಥದವರು ಒಂದೇ ಊರಲ್ಲಿ ಬದುಕಿದ್ದರು. ಅದಕ್ಕೊಂದು ಚಕ್ರ ಹಚ್ಚಿ ಕೈತೊಳೆದುಕೊಂಡಿದ್ದೆ. ಪಟ್ಟಿಗಳು ಅಷ್ಟು ನೀಟಾಗಿ ಇಲ್ಲದಿದ್ದರೆ ಬಾವುಟವೇ ಕಾಣುತ್ತಿರಲಿಲ್ಲ.

ಬುಧವಾರ ಸಂಜೆ ಮನೆಯಲ್ಲಿ ಸೀರೆಗೆ ಫಾಲ್ ಹೊಲಿಯುತ್ತಿದ್ದೆ. ಕೈಗೆ ಕೆಲಸವಿದ್ದರೆ ತಲೆ ಸ್ವಲ್ಪ ತಣ್ಣಗಿರುತ್ತದೆ. ಕೆಳಗಿನ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಫಾಲಿನ ಹೊಲಿಗೆ ಸೀರೆಯದೇ ಬಣ್ಣದ ದಾರದಲ್ಲಿ ಸಣ್ಣಗೆ ಹೋಗುತ್ತದೆ. ಉಟ್ಟುಕೊಂಡವರಿಗೆ ಗೊತ್ತು, ಕಣ್ಣಿನ ಹತ್ತಿರ ಹಿಡಿದವರಿಗೆ ಗೊತ್ತು, ಎದುರಿಗೆ ಬಂದವರಿಗೆ ಕಾಣುವುದು ಸೀರೆ ಮಾತ್ರ. ಇಷ್ಟು ವರ್ಷ ಹೊಲಿದಿದ್ದೇನೆ, ಆ ಸಂಜೆ ಸೂಜಿ ಅರ್ಧಕ್ಕೆ ನಿಂತಿತು.

ಪಂಥವನ್ನು ಬಣ್ಣದಲ್ಲಿ ತೋರಿಸುವುದು ಬೇಡ, ದಾರದಲ್ಲಿ ತೋರಿಸೋಣ. ನಾಡುಗಳು ಬಟ್ಟೆಯ ತುಂಡುಗಳಾಗಲಿ, ಯಾವ ತುಂಡು ಯಾವುದಾದರೂ ಆಗಲಿ. ಅಂಚಿನ ಹೊಲಿಗೆ ಮಾತ್ರ ಪಂಥದ್ದು, ಎಲ್ಲವೂ ಬಿಳಿ ದಾರದಲ್ಲಿ. ಹಳೆಯ ಚರ್ಚಿಗೆ ದಾರ ಓಡಿಸುವ ಸಾದಾ ಹೊಲಿಗೆ, ಲೂಥರನ್ನರಿಗೆ ಸರಪಳಿ ಹೊಲಿಗೆ, ಆಮೇಲೆ ಬಂದ ಇನ್ನೊಂದು ಬಗೆಯ ಸುಧಾರಕರಿಗೆ ಗುಂಡಿಮನೆಗೆ ಹಾಕುವ ಕಾಜಾ ಹೊಲಿಗೆ. ಯಾರ ಧರ್ಮ ಯಾವುದು ಎಂದು ತಿಳಿಯಬೇಕಾದವರು ಹತ್ತಿರ ಬಂದು ಬಗ್ಗಿ ನೋಡಬೇಕು.

ಡ್ರಾಯಿಂಗ್ ಟೀಚರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಶುಕ್ರವಾರ ಪೂಜೆ ಮುಗ್ಸಿ ಬರ್ತೇನೆ. ನನ್ನ ಕನ್ನಡಕದ ನಂಬರ್ ಹೆಚ್ಚಾಗಿದೆ, ಸೂಜಿಗೆ ದಾರ ನೀವು ಪೋಣಿಸಿ ಕೊಡ್ಬೇಕು," ಎಂದರು. ಇಲ್ಲಿ ಶುಕ್ರವಾರ ರಜೆ, ಚರ್ಚಿನ ಭಾನುವಾರದ ಪೂಜೆಯನ್ನೂ ಅವರು ಶುಕ್ರವಾರವೇ ಮುಗಿಸುವುದು.

ಗುರುವಾರ ಶಾಲೆಯಿಂದ ಬರುವಾಗ ನಮ್ಮ ಬೀದಿಯ ಲೇಡೀಸ್ ಟೈಲರ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಬಟ್ಟೆ ಕೇಳಿದೆ. ಒಂದು ಗೋಣಿ ಕೊಟ್ಟರು. ಅರ್ಧಕ್ಕರ್ಧ ಇಲ್ಲಿನ ಹೆಂಗಸರ ನಿಲುವಂಗಿ ಅಬಾಯಾದ ಕಪ್ಪು. ಅದನ್ನು ಬದಿಗಿಟ್ಟು ಉಳಿದದ್ದರಲ್ಲಿ ನೈಟಿಯ ಹೂವು, ಅಂಗಿಯ ಚೌಕಳಿ, ಚೂಡಿದಾರದ ಚುಕ್ಕಿ, ಪರದೆಯ ಗೆರೆ ಆರಿಸಿದೆ. ಒಂದೇ ಬಣ್ಣದ ತುಂಡು ಬೇಡವೆಂದು ನಿಯಮ ಮಾಡಿಕೊಂಡಿದ್ದೆ. ತಳಕ್ಕೆ ದೊಡ್ಡ ಬಟ್ಟೆ ಬೇಕಿತ್ತು. ಬೀರುವಿನಲ್ಲಿ ಡಬಲ್ ಚಾದರವೊಂದಿತ್ತು, ತೆಳು ಕೆನೆಬಣ್ಣದ್ದು, ಗಂಡನ ಅಕ್ಕ ಊರಿನಿಂದ ಕಳಿಸಿದ್ದು, ನೆಂಟರು ಬಂದರೆ ಮಾತ್ರ ಹಾಸುವುದು. ನನ್ನ ಗಂಡ ಸೊಹಾರಿನ ಬಂದರಿನಲ್ಲಿ ಟೆಕ್ನಿಷಿಯನ್, ವಾರಕ್ಕೊಮ್ಮೆ ಗುರುವಾರ ಸಂಜೆ ಕಂಪನಿ ಬಸ್ಸಿನಲ್ಲಿ ಬರುವವರು. ಬಂದು ನೋಡುವಾಗ ಹಾಲ್ ತುಂಬ ಆ ಚಾದರ, ಅದರ ಮೇಲೆ ಲ್ಯಾಪ್‌ಟಾಪಿನ ಬೆಳಕಿನಲ್ಲಿ ನಾನು ಮೊಣಕಾಲೂರಿ ಗಡಿ ಎಳೆಯುತ್ತಿದ್ದೆ.

"ಇದು ಅಕ್ಕ ಕೊಟ್ಟ ಚಾದರ ಅಲ್ವಾ?"

"ಹೌದು. ಪ್ರದರ್ಶನ ಆದ್ಮೇಲೆ ಒಗೆದು ವಾಪಸ್ ಇಡ್ತೇನೆ."

"ಪೆನ್ಸಿಲ್ ಹೋಗ್ತದಾ?"

ನಾನು ಪೆನ್ಸಿಲನ್ನು ಇನ್ನಷ್ಟು ಮೆಲ್ಲಗೆ ಒತ್ತಿದೆ. ಅವರು ಗೋಡೆ ಬದಿಯಲ್ಲೇ ನಡೆದು ಅಡುಗೆಮನೆಗೆ ಹೋಗಿ ನಿಂತುಕೊಂಡೇ ಊಟ ಮಾಡಿದರು.

ಶುಕ್ರವಾರ ಡ್ರಾಯಿಂಗ್ ಟೀಚರೂ ಹುಡುಗಿಯರಿಬ್ಬರೂ ಮನೆಗೆ ಬಂದರು. ಕಾರ್ಕಳದವಳಿಗೆ ಗಡಿ ಸರಿಯಾಗಬೇಕೆಂಬ ಹಟ, ಬ್ಯಾರಿಗಳ ಮಗಳಿಗೆ ಹೊಲಿಗೆಯಲ್ಲಿ ಒಳ್ಳೆಯ ಕೈ. ಕೆಲಸದ ಕ್ರಮ ಹೀಗಿತ್ತು: ಗಡಿಯ ಮೇಲೆ ಬೆಣ್ಣೆ ಕಾಗದ ಇಟ್ಟು ನಾಡಿನ ಆಕಾರ ತೆಗೆಯುವುದು, ಇಸ್ತ್ರಿ ಮಾಡಿದ ತುಂಡಿನ ಮೇಲೆ ಕಾಗದ ಗುಂಡುಸೂಜಿಯಲ್ಲಿ ಹಿಡಿಸುವುದು, ಸುತ್ತಲೂ ಅರ್ಧ ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುವುದು, ಆ ಹೆಚ್ಚಿಗೆಯನ್ನು ಒಳಕ್ಕೆ ಮಡಿಚಿ ಅಂಚು ಹೊಲಿಯುವುದು, ಆಮೇಲೆ ಚಾದರಕ್ಕೆ ಟಿಚ್ ಬಟನ್ನಿನಿಂದ ಕೂರಿಸುವುದು. ಹೊಲಿದೇ ಬಿಟ್ಟರೆ ಗಟ್ಟಿ, ಆದರೆ ಅರಸು ಬದಲಾದರೆ ತುಂಡು ಬದಲಿಸಲು ಬರಬೇಕಲ್ಲ. ಒತ್ತಿದರೆ ಟಿಕ್ ಎಂದು ಕೂರಬೇಕು, ಎಳೆದರೆ ಬರಬೇಕು.

ಎಲ್ಲ ನಾಡುಗಳನ್ನು ಮಾಡಲು ಆಗುವುದಿಲ್ಲ ಎಂದು ಬೇಗ ಗೊತ್ತಾಯಿತು. ಕೆಲವು ನಾಡುಗಳು ಕಡಲೆಕಾಳಿನಷ್ಟಿದ್ದವು. ಮುಖ್ಯವಾದವನ್ನು ಇಟ್ಟುಕೊಂಡು ಉಳಿದಲ್ಲಿ ಚಾದರವನ್ನು ಹಾಗೇ ಬಿಟ್ಟು, ಇಲ್ಲಿ ಇನ್ನೂ ಬಹಳ ನಾಡುಗಳಿವೆ ಎಂದು ಚೀಟಿ ಹಚ್ಚಿದೆವು. ಹೋದ ಸಲದ ಸುಲಭದ ರುಚಿ ನೋಡಿಯಾಗಿತ್ತು. ಸಾಕ್ಸನಿಗೆ ನೈಟಿಯ ಹೂವು ಬಂತು, ಬವೇರಿಯಕ್ಕೆ ಅಂಗಿಯ ಚೌಕಳಿ, ಬ್ರಾಂಡನ್‌ಬರ್ಗಿಗೆ ಪರದೆ. ಸ್ವತಂತ್ರ ನಗರಗಳಿಗೆ ಅಂಗಿಯ ಗುಂಡಿ, ಔಗ್ಸ್‌ಬರ್ಗಿಗೆ ಎರಡು ಬೇರೆ ಬೇರೆ ಗುಂಡಿ ಪಕ್ಕಪಕ್ಕ.

ತೊಂದರೆ ಕೊಟ್ಟದ್ದು ಪಾಲಟಿನೇಟ್ ಎಂಬ ನಾಡು. ಮೊದಲನೆಯದಾಗಿ ಅದು ಎರಡು ಕಡೆ ಇತ್ತು, ಒಂದು ತುಂಡು ರೈನ್ ನದಿಯ ಬಳಿ, ಇನ್ನೊಂದು ದೂರದ ಪೂರ್ವದಲ್ಲಿ. ಒಂದೇ ನೈಟಿಯಿಂದ ಎರಡನ್ನೂ ಕತ್ತರಿಸಿದೆವು. ಎರಡನೆಯದು, ಅಲ್ಲಿ ಅರಸು ಬದಲಾದಾಗಲೆಲ್ಲ ಪಂಥವೂ ಬದಲಾಯಿತು. ಹಳೆಯ ಚರ್ಚು, ಆಮೇಲೆ ಲೂಥರನ್, ಆಮೇಲೆ ಇನ್ನೊಂದು ಬಗೆಯ ಸುಧಾರಕರು, ಪುನಃ ಲೂಥರನ್, ಪುನಃ ಸುಧಾರಕರು, ಕೊನೆಗೆ ಯುದ್ಧದಲ್ಲಿ ಸೋತು ಹಳೆಯ ಚರ್ಚು. ಆಯುಸ್ಸು ಗಟ್ಟಿಯಿದ್ದ ಒಬ್ಬ ಅಜ್ಜಿ ಅಷ್ಟನ್ನೂ ನೋಡಿರಬಹುದು. ರೈನ್ ಬದಿಯ ತುಂಡಿನಲ್ಲಿ ಇದನ್ನು ತೋರಿಸಲು ಒಂದರ ಮೇಲೊಂದು ಪದರ ಕೂರಿಸಿದರೆ ಬಟನ್ ನಿಲ್ಲಲಿಲ್ಲ. ಚಾದರವನ್ನು ಎತ್ತಿ ಹಿಡಿದ ಕೂಡಲೇ ಪಾಲಟಿನೇಟ್ ಪಟಪಟನೆ ಕಳಚಿ ನೆಲಕ್ಕೆ ಬಿತ್ತು. ದೊಡ್ಡ ಬಟನ್ ಹಾಕಿದರೆ ಭಾರಕ್ಕೆ ಚಾದರವೇ ಜಗ್ಗಿ, ಪಕ್ಕದ ಬಿಷಪ್ಪರ ನಾಡು ಸೊಟ್ಟಗಾಯಿತು. ಸಂಜೆಯ ತನಕ ಅದೇ ಆಯಿತು. ಅವಲಕ್ಕಿ ಮುಗಿಯಿತು, ಚಿಪ್ಸ್ ಮುಗಿಯಿತು.

"ಮಿಸ್, ಡ್ರಾಪ್ ಪಾಲಟಿನೇಟ್," ಎಂದಳು ಬ್ಯಾರಿಗಳ ಮಗಳು, ಬೆರಳ ತುದಿ ಚೀಪುತ್ತ.

"ಅದನ್ನೇ ತೆಗೆದ್ರೆ ಮತ್ತೆ ಎಂತ ಉಂಟು?" ಎಂದಳು ಕಾರ್ಕಳದವಳು. "ಅಲ್ಲೇ ಗೊತ್ತಾಗುದು, ಜನ ಅಲ್ಲೇ ಇದ್ರು, ಮೇಲಿಂದ ಬರೀ ಬಟ್ಟೆ ಚೇಂಜ್ ಆದದ್ದು ಅಂತ."

ಆಗ ಡ್ರಾಯಿಂಗ್ ಟೀಚರ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. "ಮೇಲಿನ ಅಂಚು ಒಂದನ್ನೇ ಹೊಲಿಯಿರಿ," ಎಂದರು. "ಹಾಳೆ ಮಗುಚುವ ಹಾಗೆ ಮಗುಚಿದ್ರಾಯ್ತು." ಪದರಗಳನ್ನೆಲ್ಲ ಮೇಲಿನ ಅಂಚಿನಲ್ಲಿ ಸೇರಿಸಿ ಚಾದರಕ್ಕೇ ಗಟ್ಟಿಯಾಗಿ ಹೊಲಿದೆವು. ಚಾದರ ಎತ್ತಿದೆವು. ನಿಂತಿತು. ಬಿದ್ದೀತೆಂದು ಒಂದು ಕೈ ಇನ್ನೂ ಅಡಿಯಲ್ಲೇ ಇತ್ತು. ಆಮೇಲೆ ಕಾರ್ಕಳದವಳು ಎಲ್ಲ ಪದರಗಳನ್ನೂ ಎತ್ತಿ ಹಿಡಿದು, ಅಡಿಯ ಚಾದರದ ಮೇಲೆ ಪೆನ್ಸಿಲಿನಲ್ಲಿ ಒಂದು ಮನೆ, ಬಾವಿ, ನಾಲ್ಕು ಕೋಳಿ, ಬಾಗಿಲಲ್ಲಿ ಒಬ್ಬ ಅಜ್ಜಿಯನ್ನು ಬರೆದಳು. ಪೆನ್ಸಿಲ್ ಹೋಗುತ್ತದೋ ಎಂದು ನನ್ನ ಗಂಡ ಅಡುಗೆಮನೆಯಿಂದ ಪುನಃ ಕೇಳಲಿಲ್ಲ. ನಮಗೆಲ್ಲ ಚಹಾ ಮಾಡಿ ತಂದರು.

ಭಾನುವಾರ ಸಂಜೆ ಚಾದರವನ್ನು ಪರದೆಯ ಸರಳಿಗೆ ಪೋಣಿಸಿ ತೂಗುಹಾಕಿದೆವು. ಪ್ರಿನ್ಸಿಪಾಲ್ ಮೇಡಂ ಮೊದಲು ಬಾಗಿಲಿನಿಂದ ನೋಡಿದರು, ಆಮೇಲೆ ಎದುರು ಗೋಡೆಯಿಂದ, ಆಮೇಲೆ ಫೋನಿನಲ್ಲಿ ಫೋಟೋ ತೆಗೆದು ಫೋಟೋವನ್ನು ನೋಡಿದರು. ತಲೆಯಾಡಿಸಿ ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಆ ಇಬ್ಬರು ತಂದೆಯರು ಬಂದರು. ಟ್ರಾನ್ಸ್‌ಪೋರ್ಟಿನವರು ದೂರದಲ್ಲೇ ನಿಂತರು.

"ಇಲ್ಲಿಂದ ಎಂತ ಕಾಣ್ತದೆ ನಿಮ್ಗೆ?" ಎಂದು ಗೆಳೆಯನನ್ನು ಕೇಳಿದರು.

"ಕೌದಿ," ಎಂದರು ಬ್ಯಾರಿಗಳು. "ಒಗೆದು ಒಣಗ್ಲಿಕ್ಕೆ ಹಾಕಿದ ಹಾಗೆ."

"ಬಾವುಟ?"

"ಯಾವ ದೇಶಕ್ಕೂ ಇಂಥ ಬಾವುಟ ಇರ್ಲಿಕ್ಕಿಲ್ಲ ಮಾರ್ರೆ. ಬನ್ನಿ ಹತ್ತಿರ."

ನಾನು ಪಕ್ಕಕ್ಕೆ ಸರಿದೆ. ವಿವರಿಸುವುದು ಮಕ್ಕಳ ಕೆಲಸ. ಆದರೆ ಕಿವಿ ಅಲ್ಲೇ ಇತ್ತು. ಕಾರ್ಕಳದವಳು ತಂದೆಗೆ ಮೂರು ಹೊಲಿಗೆ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ ಸಾಕ್ಸನಿಗೆ ಮೂಗು ತಾಗುವಷ್ಟು ಬಗ್ಗಿದರು. ಪಾಲಟಿನೇಟಿನ ಪದರಗಳನ್ನು ಒಂದೊಂದಾಗಿ ಮಗುಚಿದರು, ಹಿಂದಕ್ಕೆ ಬಂದು ಪುನಃ ಮಗುಚಿದರು.

"ರಾಜ ಬದಲಾದ ಕೂಡ್ಲೆ ಇವ್ರೂ ಬದಲಾಗ್ಬೇಕಾ?"

"ಹೌದು ಪಪ್ಪಾ."

"ಒಪ್ಪದಿದ್ರೆ?"

"ದೇ ಕೆನ್ ಸೆಲ್ ಎವ್ರಿಥಿಂಗ್ ಎಂಡ್ ಗೋ. ಮನೆ ಎಲ್ಲ ಮಾರಿ."

"ಫೈನಲ್ ಎಕ್ಸಿಟ್," ಎಂದರು ಅವರು ಗೆಳೆಯನ ಕಡೆ ತಿರುಗಿ, ಇಲ್ಲಿಂದ ಕಾಯಂ ಊರಿಗೆ ಹೊರಡುವವರ ವೀಸಾದ ಮಾತಿನಲ್ಲಿ. "ಆವಾಗ್ಲೇ ಇತ್ತು ನೋಡಿ."

"ಹೋಗ್ಲಿಕ್ಕೆ ಬಿಟ್ರಲ್ಲ, ಅದೇ ದೊಡ್ಡದು," ಎಂದರು ಬ್ಯಾರಿಗಳು. "ಅದಕ್ಕೆ ಮೊದಲು ಎಂತ ಮಾಡ್ತಿದ್ರೋ. ಎಲ್ಲಿಗೆ ಹೋಗ್ತಿದ್ರು ಮಗಾ, ಅಷ್ಟು ಜನ?"

"ನೆಕ್ಸ್ಟ್ ಬಟ್ಟೆಗೆ ಅಂಕಲ್," ಎಂದು ಹುಡುಗಿ ಪಕ್ಕದ ಚುಕ್ಕಿ ತುಂಡಿನ ಮೇಲೆ ಬೆರಳಿಟ್ಟಳು. "ಕೆಲವ್ರಿಗೆ ಅರ್ಧ ದಿನ ನಡೆದ್ರೆ ಸಾಕಿತ್ತು. ಕೆಲವ್ರು ಹೋಗ್ಲೇ ಇಲ್ಲ, ಮನಸ್ಸಲ್ಲಿ ಹಳೇದು ಇಟ್ಕೊಂಡು ಸುಮ್ಮನೆ ಇದ್ರು."

ತಂದೆ ಕೊನೆಯ ಪದರವನ್ನೂ ಎತ್ತಿದರು. ಅಡಿಯಲ್ಲಿ ಅಜ್ಜಿ, ಬಾವಿ, ಕೋಳಿ. ಬಹಳ ಹೊತ್ತು ಎತ್ತಿ ಹಿಡಿದೇ ನಿಂತರು. ಹಿಂದೆ ಸಾಲು ಬೆಳೆಯುತ್ತಿತ್ತು.

"ಇದು ನಿನ್ನ ಪುಸ್ತಕದಲ್ಲಿ ಉಂಟಾ?"

"ಇಲ್ಲ. ಇದನ್ನು ಓದ್ಲಿಕ್ಕೆ ಆರ್ಟ್ಸ್ ತಗೊಳ್ಬೇಕು."

"ಆಯ್ತು, ಶುರು ಮಾಡಿದ್ಳು," ಎಂದರು ಅವರು. ಆದರೆ ಪದರವನ್ನು ಕೈಬಿಡುವಾಗ ಮೆಲ್ಲಗೆ, ಮಲಗಿದವರ ಮೇಲೆ ಹೊದಿಕೆ ಎಳೆಯುವ ಹಾಗೆ ಬಿಟ್ಟರು. ನನ್ನ ಕಡೆ ನೋಡಿ, "ಕೆಲಸ ಸಿಗ್ತದಾ ಟೀಚರೇ, ಇದು ಕಲಿತ್ರೆ?" ಎಂದು ಕೇಳಿದರು.

ಸಿಗುತ್ತದೆ ಎಂದು ಎದೆತಟ್ಟಿ ಹೇಳಲು ನನಗೆ ಧೈರ್ಯವಾಗಲಿಲ್ಲ. "ನನಗೆ ಸಿಕ್ಕಿತ್ತು ಸರ್," ಎಂದೆ. "ಇನ್ನು ಇರ್ತದಾ ಇಲ್ವಾ ಅಂತ ಈ ವಾರ ಗೊತ್ತಾಗ್ತದೆ."

ಇಬ್ಬರೂ ಸಮೋಸ ಅಂಗಡಿಯ ಕಡೆ ಹೋದರು.

ಸೋಮವಾರ ಒಂದು ಹೆಸರು ಬಂತು, ಬ್ಯಾರಿಗಳ ಮಗಳದು. ಮಂಗಳವಾರ ಇನ್ನೊಂದು, ಸಯನ್ಸಿಗೆ ಹೋಗಬೇಕಾಗಿದ್ದ ಒಬ್ಬ ಹುಡುಗನದು. ಅವನ ತಾಯಿ ಬಂದು ಆ ಬಟ್ಟೆಯ ನಕ್ಷೆಯ ಟೀಚರ್ ಯಾರು ಎಂದು ವಿಚಾರಿಸಿ ಹೋದರಂತೆ. ಒಂಬತ್ತಕ್ಕೆ ನಿಂತಿತು. ಬುಧವಾರ ಯಾರೂ ಬರಲಿಲ್ಲ. ಗುರುವಾರ ಮಧ್ಯಾಹ್ನ ಮೇಡಂ ಕರೆಸಿದರು. ಒಳಗೆ ಕಾಲಿಟ್ಟವಳು ಮೊದಲು ಮೇಜು ನೋಡಿದೆ. ಚಹಾ ಇರಲಿಲ್ಲ.

"ನಿಮ್ಮ ಟ್ರಾನ್ಸ್‌ಪೋರ್ಟ್ ತಂದೆ ಈಗಷ್ಟೇ ಹೋದರು," ಎಂದರು ಮೇಡಂ ಇಂಗ್ಲಿಷಿನಲ್ಲಿ. "ಮಗಳ ಫಾರ್ಮಿಗೆ ಸಹಿ ಹಾಕಿದರು. ಆಗಸ್ಟಿನಲ್ಲಿ ಬಾವುಟದ ಅಲಂಕಾರ ನೋಡಿಕೊಳ್ಳಲು ತಾನೇ ಬರುತ್ತೇನೆ, ನಿಮಗೆ ಬಿಡಬೇಡಿ ಎಂದೂ ಹೇಳಿದರು. ಏಪ್ರಿಲಿನ ಟೈಮ್‌ಟೇಬಲ್ ಮಾಡಿಕೊಳ್ಳಿ. ಲೈಬ್ರರಿಯ ಹಿಂದಿನ ಕೋಣೆ ನಿಮಗೆ."

ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಡ್ರಾಯಿಂಗ್ ಕೋಣೆಗೆ ಹೋಗಿ ಹೇಳಿದೆ. ಅವರು ತೊಳೆಯುತ್ತಿದ್ದ ಬ್ರಷ್ಷನ್ನು ಹಾಗೇ ಹಿಡಿದುಕೊಂಡು, "ಖಲಾಸ್, ಇನ್ನು ಸೂಜಿ ಕೊಟ್ರೆ ನೋಡಿ," ಎಂದರು. ಚಾದರ ಇಳಿಸಿ ಮಡಿಚಿ ಚೀಲಕ್ಕೆ ಹಾಕಿಕೊಂಡೆ. ಹಂಚಿಕೊಂಡು ಹೋಗುವ ಕಾರಿನ ಹಿಂದಿನ ಸೀಟಿನಲ್ಲಿ ಕೂತವಳಿಗೆ ಎಷ್ಟೋ ವಾರಗಳ ಮೇಲೆ ನಿದ್ದೆ ಬಂತು. ವಾದಿ ಕಬೀರಿನ ನಮ್ಮ ತಿರುವಿನಲ್ಲಿ ಎಬ್ಬಿಸಿದರು. ಚೀಲ ತೊಡೆಯ ಮೇಲೇ ಇತ್ತು.

ಸಂಜೆ ನನ್ನ ಗಂಡ ಸೊಹಾರಿನಿಂದ ಬಂದರು. ಹಾಲಿನ ನೆಲ ಖಾಲಿಯಿರುವುದನ್ನು ನೋಡಿ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತರು. ಮೀನು ಸಾರು ಬಡಿಸಿದೆ. ಚೀಲದ ಕಡೆ ಕಣ್ಣು ಹಾಯಿಸಿ, "ಪ್ರದರ್ಶನ ಆಯ್ತಲ್ಲ. ಚಾದರ ಒಗಿಲಿಕ್ಕೆ ಹಾಕ್ಲಾ?" ಎಂದು ಕೇಳಿದರು.

"ಬೇಡ," ಎಂದೆ. "ಅದು ಇನ್ನು ಹನ್ನೊಂದನೆ ಕ್ಲಾಸಿನದ್ದು."